ಬಿದಿರ ಕೋಟೆಯ ರಾಯಭಾರ

ಸಂಜೆಯ ಹೊತ್ತು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಓಡಾಡಿದವರಿಗೆ ಗೊತ್ತು. ಕೋಚಿಂಗ್ ಸೆಂಟರು ಬಿಟ್ಟ ಹುಡುಗ ಹುಡುಗಿಯರು ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಟೀ ಕುಡಿಯುತ್ತಿರುತ್ತಾರೆ. ಕೈಯಲ್ಲಿ ಸ್ಪೈರಲ್ ಹಾಕಿಸಿದ ನೋಟ್ಸು. ರಾಯಚೂರಿನವರು, ಚಾಮರಾಜನಗರದವರು, ಹಾವೇರಿಯವರು. ಅವರ ಮಾತು ಕಿವಿಗೆ ಬೀಳುತ್ತದೆ: ಪಂಚಶೀಲ ಒಪ್ಪಂದ 1954, ಭಾರತೀಯ ವಿದೇಶಾಂಗ ಸೇವೆ ಹುಟ್ಟಿದ್ದು 1946ರ ಅಕ್ಟೋಬರ್ 9. ದೊಡ್ಡ ನೆರೆಯವರ ನಡುವೆ ಸಿಕ್ಕಿಕೊಂಡ ಸಣ್ಣ ದೇಶ ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ಬಂದರೆ ನೇಪಾಳ, ಭೂತಾನ್, ಮಾಲ್ಡೀವ್ಸ್ ಉದಾಹರಣೆಗಳು ಸಿದ್ಧವಾಗಿರುತ್ತವೆ.

ಇನ್ನೂ ಹತ್ತಿರದ ಉದಾಹರಣೆಯೊಂದು ಇದೆ. ಅದನ್ನು ಹೇಳಲು ಅಲ್ಲಿಂದ ಸ್ವಲ್ಪ ದೂರದ ಮಾಗಡಿ ರಸ್ತೆಗೆ ಬರಬೇಕು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ ಬೆಂಗಳೂರನ್ನು ಗೆದ್ದ. ಅವನ ಜೊತೆ ಬಂದಿದ್ದ ಶಹಾಜಿಗೆ ಬೆಂಗಳೂರು ಜಹಗೀರಾಯಿತು. ಕೆಂಪೇಗೌಡರ ಮನೆತನ ಕಟ್ಟಿದ ಊರನ್ನು ಬಿಟ್ಟು ಮಾಗಡಿಗೆ ಹೋಗಿ ನೆಲೆಸಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, 1637ರ ಕೊನೆಯಲ್ಲಿ, ಅದೇ ರಣದುಲ್ಲಾ ಖಾನ ಮಲೆನಾಡಿನ ಇಕ್ಕೇರಿಯನ್ನೂ ಹೊಡೆದಿದ್ದ. ಅಲ್ಲಿದ್ದವನು ಕೆಳದಿಯ ದೊರೆ ವೀರಭದ್ರ ನಾಯಕ. ಅವನೂ ಸೋತ, ಕಪ್ಪ ಒಪ್ಪಿಕೊಂಡ, ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಸಾಗಿಸಿದ. ಒಂದೇ ದಂಡಯಾತ್ರೆಯಲ್ಲಿ ಪೆಟ್ಟು ತಿಂದ ಎರಡು ಸಣ್ಣ ರಾಜ್ಯಗಳು. ಮಾಗಡಿಯವರು 1728ರಲ್ಲಿ ಮೈಸೂರಿಗೆ ಸೋಲುವವರೆಗೆ ಒಂದು ಪಾಳೆಯಪಟ್ಟಾಗಿ ಉಳಿದರು. ಕೆಳದಿಯಾದರೋ ಇಪ್ಪತ್ತು ವರ್ಷ ತುಂಬುವುದರೊಳಗೆ ಪೋರ್ಚುಗೀಸರನ್ನು ಕನ್ನಡ ಕರಾವಳಿಯಿಂದ ಎಬ್ಬಿಸಿತು. ಈ ವ್ಯತ್ಯಾಸಕ್ಕೆ ಶೌರ್ಯವೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಮಾಗಡಿಯವರೇನು ಹೇಡಿಗಳಾಗಿರಲಿಲ್ಲ. ಕೆಳದಿಗೆ ಸಮುದ್ರವಿತ್ತು, ಮೆಣಸಿತ್ತು, ಅಕ್ಕಿಯಿತ್ತು. ಇವು ಯಾರಿಗೆ ಎಷ್ಟು ಬೇಕು ಎಂದು ಬಲ್ಲ ರಾಯಭಾರಿಗಳಿದ್ದರು.

ಕೆಳದಿ ಸಂಸ್ಥಾನ ಹುಟ್ಟಿದ್ದು 1500ರ ಆಸುಪಾಸಿನಲ್ಲಿ, ವಿಜಯನಗರದ ಸಾಮಂತಿಕೆಯಾಗಿ. 1565ರ ಯುದ್ಧದ ನಂತರ ಸಾಮ್ರಾಜ್ಯ ಕುಗ್ಗುತ್ತ ಹೋದಂತೆ ಅದು ತನ್ನ ಕಾಲ ಮೇಲೆ ನಿಂತಿತು. ಉತ್ತರಕ್ಕೆ ಬಿಜಾಪುರ, ದಕ್ಷಿಣಕ್ಕೆ ಬೆಳೆಯುತ್ತಿದ್ದ ಮೈಸೂರು, ಪಶ್ಚಿಮದ ಕಡಲಲ್ಲಿ ಪೋರ್ಚುಗೀಸರ ಹಡಗುಗಳು. ಘಟ್ಟದ ಮೇಲೆ ಅಡಿಕೆ, ಘಟ್ಟದ ಇಳಿಜಾರಿನಲ್ಲಿ ಕಾಳುಮೆಣಸು, ಕರಾವಳಿಯ ಗದ್ದೆಗಳಲ್ಲಿ ಅಕ್ಕಿ. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸೀಮೆಯನ್ನು ವೆಂಕಟಪ್ಪ ನಾಯಕ ಗೆದ್ದ ಮೇಲೆ, ಮೆಣಸು ಬೇಕಾದವರೆಲ್ಲ ಇಕ್ಕೇರಿಯ ಬಾಗಿಲಿಗೆ ಬರಬೇಕಾಯಿತು.

ಹಾಗೆ ಬಂದವರಲ್ಲಿ ಒಂದು ನಿಯೋಗದ ವಿವರ ನಮಗೆ ದಿನಚರಿಯಂತೆ ಸಿಗುತ್ತದೆ. 1623ರ ಅಕ್ಟೋಬರ್‌ನಲ್ಲಿ ಗೋವಾದ ಪೋರ್ಚುಗೀಸ್ ಸರ್ಕಾರ ಫೆರ್ನಾಂದಿಶ್ ಲೈತಾಂವ್ ಎಂಬುವನನ್ನು ವೆಂಕಟಪ್ಪ ನಾಯಕನ ಬಳಿ ರಾಯಭಾರಿಯಾಗಿ ಕಳಿಸಿತು. ತಿರುಗಾಟದ ಹುಚ್ಚಿನ ರೋಮ್ ನಗರದ ಶ್ರೀಮಂತ ಪಿಯೆತ್ರೊ ದೆಲ್ಲ ವಲ್ಲೆ, ತುರ್ಕಿ ಪರ್ಷಿಯಾ ಸುತ್ತಿ ಆ ವರ್ಷ ಗೋವಾಕ್ಕೆ ಬಂದಿದ್ದವನು, ತಾನೂ ಬರುತ್ತೇನೆಂದು ಜೊತೆಗೂಡಿದ. ಅವನು ಊರಿನ ಸ್ನೇಹಿತನಿಗೆ ಬರೆದ ಪತ್ರಗಳೇ ನಮಗಿರುವ ಆಧಾರ. ಆ ಗುಂಪಿನಲ್ಲಿ ಇನ್ನೊಬ್ಬನಿದ್ದ. ಗೋವಾದಲ್ಲಿ ವೆಂಕಟಪ್ಪನ ಪರವಾಗಿ ರಾಯಭಾರ ನಡೆಸಿ ಹಿಂದಿರುಗುತ್ತಿದ್ದ ಬ್ರಾಹ್ಮಣ. ದೆಲ್ಲ ವಲ್ಲೆ ಅವನ ಹೆಸರನ್ನು 'ವಿಟುಲ ಸಿನಾಯ್' ಎಂದು ಬರೆಯುತ್ತಾನೆ. ನಮ್ಮ ಬಾಯಲ್ಲಿ ವಿಠಲ ಶೆಣೈ.

ಹಡಗಿನಲ್ಲಿ ಹೊನ್ನಾವರ, ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ, ಅಲ್ಲಿಂದ ಘಟ್ಟದ ದಾರಿ. ರಾಣಿಯ ಕಾಲದ ಗೇರುಸೊಪ್ಪೆ ಆಗಲೇ ಹಾಳುಬಿದ್ದು ಕಾಡು ಬೆಳೆದಿತ್ತು. ಮಾತುಕತೆಗೆ ಹೊರಟ ಪೋರ್ಚುಗೀಸರು ತಮ್ಮ ಹಳೆಯ ವ್ಯಾಪಾರದ ಜೊತೆಗಾತಿಯ ಅವಶೇಷದ ಮೇಲೆಯೇ ನಡೆದು ಹೋಗಬೇಕಾಯಿತು. ಘಟ್ಟದ ದೇವಸ್ಥಾನವೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ದೆಲ್ಲ ವಲ್ಲೆ ನಿಂತು ನೋಡಿದ. ಮೇಷ್ಟ್ರಿಲ್ಲ, ಕಾಗದವಿಲ್ಲ, ಒಬ್ಬರಿಗೊಬ್ಬರೇ ಪಾಠ. ಅವನಿಗೆ ಅದು ಬೆರಗು. ನನಗೆ ಆ ಪುಟ ಓದುವಾಗಲೆಲ್ಲ ಅನಿಸುತ್ತದೆ: ಸಂಸ್ಥಾನದ ಕರಣಿಕರು, ಸುಂಕದವರು, ರಾಯಭಾರಿಗಳು ತಯಾರಾಗುತ್ತಿದ್ದುದು ಇಂಥ ಮರಳಿನ ಮೇಲೆಯೇ ಇರಬೇಕು.

ನವೆಂಬರ್‌ನಲ್ಲಿ ಇಕ್ಕೇರಿ ತಲುಪಿದಾಗ ಅವನು ಕಂಡದ್ದು ಕಲ್ಲಿನ ಕೋಟೆಯನ್ನಲ್ಲ. ಊರನ್ನು ಬಳಸಿದ ಮೂರು ಸುತ್ತುಗಳಲ್ಲಿ ಹೊರಗಿನ ಎರಡಕ್ಕೆ ಗೋಡೆಯೇ ಇರಲಿಲ್ಲ. ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರ ಮೆಳೆಯೇ ಕೋಟೆ. ಆಸ್ಥಾನದ ಗಾತ್ರ ನೋಡಿದ ರೋಮಿನವನಿಗೆ ಇವನನ್ನು ರಾಜ ಎನ್ನಲು ಮನಸ್ಸು ಬರಲಿಲ್ಲ. ಇವನೊಬ್ಬ 'ಪುಟ್ಟ ರಾಜ' ಎಂದು ಬರೆದ. ಸರಿಯೇ. ಆದರೆ ಆ ಪುಟ್ಟ ರಾಜನ ಬಳಿಗೆ ಅಂಗಲಾಚಿಕೊಂಡು ಬಂದವರು ಯಾರು?

ಅವರ ಸ್ಥಿತಿ ಹೀಗಿತ್ತು. ಹಿಂದಿನ ವರ್ಷ, 1622ರಲ್ಲಿ, ಪರ್ಷಿಯಾದವರು ಇಂಗ್ಲಿಷರ ಹಡಗುಗಳ ನೆರವಿನಿಂದ ಹೋರ್ಮುಜ್ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಅದೇ ವರ್ಷ ಹೊಸ ವೈಸ್‌ರಾಯ್‌ನನ್ನು ಕರೆತರುತ್ತಿದ್ದ ಹಡಗುಗಳ ಮೇಲೆ ಡಚ್ಚರೂ ಇಂಗ್ಲಿಷರೂ ಮೊಜಾಂಬಿಕ್ ಬಳಿ ದಾಳಿ ಮಾಡಿದ್ದರು. ಗೋವಾದಲ್ಲಿ ಹಣಕ್ಕೂ ಜನಕ್ಕೂ ಬರ. ಇತ್ತ ಮಂಗಳೂರಿನಲ್ಲಿ ಅವರ ಮಿತ್ರ ಬಂಗ ಅರಸನಿಗೂ, ಅವನಿಂದ ದೂರವಾಗಿದ್ದ ಹೆಂಡತಿ ಉಳ್ಳಾಲದ ರಾಣಿಗೂ ಜಗಳ ಹತ್ತಿತ್ತು. ಅರಸನ ಹಿಂದೆ ಪೋರ್ಚುಗೀಸರು. ರಾಣಿ ವೆಂಕಟಪ್ಪನನ್ನು ಕರೆದಳು. ವೆಂಕಟಪ್ಪ ಬಂದ, ಗೆದ್ದ, ಬಂಗರ ಸೀಮೆಯನ್ನು ಕೈಗೆ ತೆಗೆದುಕೊಂಡ. ಅದನ್ನು ಬಿಡಿಸಿಕೊಡಿ ಎಂದು ಕೇಳಲು ಈ ನಿಯೋಗ ಬಂದಿತ್ತು. ಕೇಳುವವರಿಗೆ ಮೆಣಸೂ ಬೇಕಾಗಿತ್ತು. ಮಿತ್ರನ ಮಾನ ಉಳಿಸಬೇಕು, ಮೆಣಸಿನ ಧಣಿಯ ಮನಸ್ಸು ಕೆಡಿಸಬಾರದು. ಈ ಇಕ್ಕಟ್ಟು ವೆಂಕಟಪ್ಪನಿಗೆ ಗೊತ್ತಿತ್ತು. ಗೋವಾದಲ್ಲಿ ಕೂತು ಬಂದಿದ್ದ ಶೆಣೈಗೆ ಇನ್ನೂ ಚೆನ್ನಾಗಿ ಗೊತ್ತಿದ್ದಿರಬೇಕು.

ಆದ್ದರಿಂದಲೇ ಬಿದಿರ ಕೋಟೆಯೊಳಗೆ ಯಾರಿಗೂ ಆತುರವಿರಲಿಲ್ಲ. ಅತಿಥಿಗಳಿಗೆ ಮರ್ಯಾದೆ ನಡೆಯಿತು, ಉಡುಗೊರೆಗಳು ಕೈ ಬದಲಾದವು. ಹುಡುಗಿಯರು ಬಣ್ಣದ ಕೋಲು ಹಿಡಿದು ಕೋಲಾಟವಾಡಿದ್ದನ್ನು, 'ಕೋಲೆ ಕೋಲೆ' ಎಂಬ ಪಲ್ಲವಿಯನ್ನು ದೆಲ್ಲ ವಲ್ಲೆ ಕಿವಿಗೆ ಬಿದ್ದಂತೆ ಬರೆದುಕೊಂಡ. ಬಂಗರ ರಾಜ್ಯ ಮಾತ್ರ ಹಿಂದಕ್ಕೆ ಬರಲಿಲ್ಲ. ಬಾಗಿಲು ಮುಚ್ಚದೆ ಇಲ್ಲ ಎನ್ನುವುದು ಹೇಗೆಂದು ಇಕ್ಕೇರಿಗೆ ತಿಳಿದಿತ್ತು. ವ್ಯಾಪಾರಕ್ಕೆ ಹೌದು, ನೆಲಕ್ಕೆ ಇಲ್ಲ.

ದೆಲ್ಲ ವಲ್ಲೆ ಅಲ್ಲಿಂದ ಕರಾವಳಿಗಿಳಿದು ಆ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ನಾವು ಅಬ್ಬಕ್ಕ ಎಂದು ನೆನೆಯುವ ಹೆಸರಿನವಳು. ಬರಿಗಾಲಲ್ಲಿ ನಡೆದುಕೊಂಡು, ತೋಡು ತೋಡಿಸುತ್ತಿದ್ದ ಕಡೆ ಕೆಲಸ ನೋಡಲು ಬಂದಿದ್ದಳು. ವೇಷ ನೋಡಿದರೆ ಅಡುಗೆಮನೆಯ ಆಳು, ದನಿ ಕೇಳಿದರೆ ರಾಣಿ ಎಂಬರ್ಥದಲ್ಲಿ ಬರೆದಿದ್ದಾನೆ. ಸಣ್ಣ ರಾಜ್ಯದ ಒಡತಿ ನೀರಿನ ಕಾಲುವೆಯನ್ನೂ ತಾನೇ ನೋಡಬೇಕು, ಯಾವ ದೊಡ್ಡವರನ್ನು ಯಾವಾಗ ಕರೆಯಬೇಕೆಂಬುದನ್ನೂ ತಾನೇ ಗುಣಿಸಬೇಕು.

ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿ ಉಳಿಯುವುದಿಲ್ಲ. 1637ರಲ್ಲಿ ಇಂಗ್ಲಿಷರ ಕೋರ್ಟೀನ್ ಕಂಪನಿಯ ಹಡಗುಗಳು ಭಟ್ಕಳಕ್ಕೆ ಬಂದಾಗ ವೀರಭದ್ರ ನಾಯಕ ಅವರಿಗೆ ಅಲ್ಲಿ ಮಳಿಗೆ ತೆರೆಯಲು ಅಪ್ಪಣೆ ಕೊಟ್ಟ. ಆ ಹಡಗುಗಳಲ್ಲಿ ಬಂದ ಪೀಟರ್ ಮುಂಡಿ ಇದನ್ನೆಲ್ಲ ಬರೆದಿದ್ದಾನೆ. ಪೋರ್ಚುಗೀಸರಿಗೆ ಕಣ್ಣು ಕೆಂಪಾದರೂ ಮಾಡುವಂಥದ್ದು ಹೆಚ್ಚೇನಿರಲಿಲ್ಲ. ಅದೇ ವರ್ಷದ ಕೊನೆಗೆ ರಣದುಲ್ಲಾ ಖಾನ ಬಂದದ್ದು. ಕಡಲ ಕಡೆ ಒಂದು ಬಾಗಿಲು ತೆರೆಯುತ್ತಿದ್ದಾಗ ನೆಲದ ಕಡೆಯ ಬಾಗಿಲು ಮುರಿಯಿತು. ವೀರಭದ್ರ ಬಾಗಿದ. ಬಾಗಿದ್ದರಿಂದ ರಾಜ್ಯ ಉಳಿಯಿತು.

ಉಳಿದದ್ದನ್ನು ಬೆಳೆಸಿದವನು ಶಿವಪ್ಪ ನಾಯಕ. ಅವನ 'ಶಿಸ್ತು' ಎಂಬ ಕಂದಾಯ ಪದ್ಧತಿಯನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಅವನು ಹೊತ್ತು ನೋಡಿ ಹೊಡೆದ ಬಗೆಯನ್ನು ಅಷ್ಟಾಗಿ ಓದಿಲ್ಲ. ಪೋರ್ಚುಗೀಸರಿಗೂ ಡಚ್ಚರಿಗೂ ಇದ್ದ ಕದನವಿರಾಮದ ಗಡುವು ಮುಗಿದು 1652ರಲ್ಲಿ ಸಿಲೋನಿನಲ್ಲಿ ಮತ್ತೆ ಯುದ್ಧ ಹತ್ತಿತು. ಗೋವಾದ ಕಣ್ಣೆಲ್ಲ ಆ ಕಡೆ. ಅದೇ ವರ್ಷದಿಂದ 1654ರೊಳಗೆ ಶಿವಪ್ಪನ ಸೇನೆ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರಗಳಲ್ಲಿದ್ದ ಪೋರ್ಚುಗೀಸರನ್ನು ಒಬ್ಬೊಬ್ಬರಾಗಿ ಎಬ್ಬಿಸಿತು. ಗೆದ್ದ ಮೇಲೂ ಬಾಗಿಲು ಹಾಕಲಿಲ್ಲ. ಗೋವಾದ ಊಟ ನಡೆಯುತ್ತಿದ್ದುದು ಕನ್ನಡ ಕರಾವಳಿಯ ಅಕ್ಕಿಯಿಂದ. ಅವನ ನಂತರದ ದೊರೆಗಳು 1671ರಲ್ಲಿ, 1678ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡು ವ್ಯಾಪಾರಿಗಳಾಗಿ ಅವರನ್ನು ಮತ್ತೆ ಒಳಗೆ ಬಿಟ್ಟರು. ಕೋಟೆಯವರಾಗಿದ್ದವರು ಮಳಿಗೆಯವರಾದರು.

ವಿಜಯನಗರದ ಕೊನೆಯ ಅರಸ ಮೂರನೆಯ ಶ್ರೀರಂಗರಾಯ ನೆಲೆ ಕಳೆದುಕೊಂಡು ಬಂದಾಗ ಬೇಲೂರಿನಲ್ಲಿ ಅವನಿಗೆ ನೆಲೆ ಕೊಟ್ಟವನೂ ಇದೇ ಶಿವಪ್ಪ. ಹಳೆಯ ಒಡೆಯನಿಗೆ ಆಶ್ರಯ ಕೊಡುವುದು ಕೃತಜ್ಞತೆ. ಅವನ ಹೆಸರಿನಲ್ಲಿ ಮೈಸೂರಿನ ಮೇಲೆ ಏರಿಹೋಗುವುದು ರಾಜಕೀಯ. ಎರಡೂ ಒಂದೇ ಮನಸ್ಸಿನಲ್ಲಿದ್ದವು.

ಆಶ್ರಯದ ನಿಜವಾದ ಬೆಲೆ ತೆತ್ತವಳು ಚೆನ್ನಮ್ಮ. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಓಡುತ್ತಿದ್ದ. ವೇಷ ಮರೆಸಿಕೊಂಡಿದ್ದರೂ ಬೆಂಗಳೂರಿಗೆ ಬಂದಾಗ ಸೇವಕರು ಅವನ ಕಾಲು ತೊಳೆಯುವುದನ್ನು ಕಂಡು ಜನಕ್ಕೆ ಅನುಮಾನ ಬಂತೆಂಬ ಕಥೆ ಮರಾಠರ ಬರಹಗಳಲ್ಲಿದೆ. ಅದಕ್ಕೆ ಮುಂಚೆ ಅವನು ದಾಟಿದ್ದು ಕೆಳದಿಯ ನಾಡನ್ನು. ಹಿಡಿದು ಕೊಟ್ಟಿದ್ದರೆ ಬಾದಶಹನ ಕೃಪೆ ಸಿಗುತ್ತಿತ್ತು. ಚೆನ್ನಮ್ಮ ದಾರಿ ಕೊಟ್ಟಳು, ಕಾವಲು ಕೊಟ್ಟಳು. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರಿಗೆ ಬಿದ್ದಿದ್ದನ್ನು ನೋಡಿಯೂ ಈ ತೀರ್ಮಾನ. ಮೊಗಲರ ಸೇನೆ ಬಂತು, ಯುದ್ಧವಾಯಿತು, ಕೊನೆಗೆ ಒಪ್ಪಂದವಾಯಿತು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದ ದಾರಿಯಲ್ಲಿ ನಡೆದರೆ ಅದು ಚೆನ್ನಮ್ಮನ ಗೆಲುವು. ಮೊಗಲರ ಕಡೆಯ ಬರಹ ನೋಡಿದರೆ ರಾಣಿ ದಂಡ ತೆತ್ತು ಪಾರಾದಳು. ಯಾವುದು ನಿಜ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನನಗನಿಸುವಂತೆ, ಎರಡೂ ಆಸ್ಥಾನಗಳಲ್ಲಿ ಗೆಲುವೆಂದೇ ಬರೆದುಕೊಳ್ಳಲು ಬರುವ ಹಾಗೆ ಯಾರೋ ಆ ಒಪ್ಪಂದದ ಮಾತನ್ನು ಜೋಡಿಸಿದ್ದರು. ರಾಯಭಾರಿಯ ಕಸುಬು ಅದೇ. ರಾಜಾರಾಮ ಜಿಂಜಿ ಮುಟ್ಟಿದ, ಕೆಳದಿ ಉಳಿಯಿತು. ಅವರ ಹೆಸರು ಯಾವ ಕಾವ್ಯದಲ್ಲೂ ಎದ್ದು ಕಾಣುವುದಿಲ್ಲ.

ಇಷ್ಟೆಲ್ಲ ಜಾಣತನದ ರಾಜ್ಯ ಕೊನೆಯಾದದ್ದು ಹೇಗೆ? 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿಯ ಕಾಲದಲ್ಲಿ ಗಾದಿಗಾಗಿ ಅರಮನೆಯೊಳಗೇ ಒಡಕಾಗಿತ್ತು. ತಾನೇ ನಿಜವಾದ ವಾರಸುದಾರ ಎಂದುಕೊಂಡವನೊಬ್ಬ ಹೈದರನ ಪಾಳೆಯಕ್ಕೆ ಹೋಗಿ ಕೂತಿದ್ದ. ಹೊರಗಿನವರ ಒಡಕನ್ನು ಓದಿ ಬದುಕಿದ ಮನೆಯ ಒಡಕನ್ನು ಈಗ ಹೊರಗಿನವನೊಬ್ಬ ಓದಿದ. ಬಿದನೂರು ಹೈದರ್‌ನಗರವಾಯಿತು. ಇಂದಿಗೂ ಅದು ನಗರವೇ, ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು.

ವಿಠಲ ಶೆಣೈ ತನ್ನ ಒಡೆಯನಿಗೆ ಏನು ವರದಿ ಒಪ್ಪಿಸಿದ? ಲೈತಾಂವ್‌ನನ್ನು, ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದ ಆ ರೋಮಿನವನನ್ನು ಕುರಿತು ಏನು ಹೇಳಿದ? ಅವನ ಮಾತು ನಮ್ಮ ಕೈಗೆ ಬಂದಿಲ್ಲ. ಅವನಿದ್ದ ಎಂಬುದೇ ಒಬ್ಬ ಪರದೇಶಿ ಮನೆಗೆ ಪತ್ರ ಬರೆದದ್ದರಿಂದ ನಮಗೆ ಗೊತ್ತು. ನಮ್ಮ ರಾಜರ ವಿದೇಶಾಂಗ ನೀತಿಯನ್ನು ನಾವು ಬಂದವರ ಕಣ್ಣಿನಿಂದ ಓದುತ್ತಿದ್ದೇವೆ. ಅವರು 'ಪುಟ್ಟ ರಾಜ' ಎಂದರೆ ನಾವೂ ಹಾಗೇ ನಂಬುತ್ತೇವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಮನೆ ಮನೆ ಅಲೆದು ಕೂಡಿಸಿದ ಓಲೆಗರಿ, ಕಡತಗಳಿವೆ. ಗೋವಾದ ಪತ್ರಾಗಾರದಲ್ಲಿ ಪೋರ್ಚುಗೀಸ್ ಸರ್ಕಾರ ಸುತ್ತಲಿನ ದೊರೆಗಳಿಗೆ ಬರೆದ ಪತ್ರಗಳ ಸಂಪುಟಗಳಿವೆ. 'ನೆರೆಯ ರಾಜರ ಪುಸ್ತಕಗಳು' ಎಂದೇ ಅವುಗಳ ಹೆಸರು. ಒಂದು ಕೈಯಲ್ಲಿ ಕಡತ, ಇನ್ನೊಂದು ಕೈಯಲ್ಲಿ ಆ ಪುಸ್ತಕ ಹಿಡಿದು ಎರಡನ್ನೂ ಓದಬಲ್ಲವರು ನಮ್ಮಲ್ಲಿ ಬಹಳ ಕಡಿಮೆ.

ವಿದೇಶಾಂಗ ಸೇವೆಗೆ ಆಯ್ಕೆಯಾದವರು ಕಡ್ಡಾಯವಾಗಿ ಒಂದು ವಿದೇಶಿ ಭಾಷೆ ಕಲಿಯಬೇಕು. ಅತ್ತಿಗುಪ್ಪೆಯ ಜೆರಾಕ್ಸ್ ಅಂಗಡಿಯ ಮುಂದೆ ನಿಂತವರಲ್ಲಿ ಯಾರಾದರೂ ಒಬ್ಬರು ಅಲ್ಲಿಗೆ ಮುಟ್ಟಿ, ಅವರ ಪಾಲಿಗೆ ಪೋರ್ಚುಗೀಸ್ ಬಂದರೆ, ರಜೆಯಲ್ಲಿ ಪಣಜಿಗೆ ಹೋಗಿ ಆ ಸಂಪುಟಗಳನ್ನು ಬಿಡಿಸಿ ನೋಡಲಿ ಎಂದು ನನ್ನ ಆಸೆ. ಇಕ್ಕೇರಿಯಿಂದ ಹೋದ ಮಾತಿಗೆ ಗೋವಾ ಏನು ಉತ್ತರ ಬರೆಯಿತೆಂದು ಅವರಾದರೂ ನಮಗೆ ಕನ್ನಡದಲ್ಲಿ ಹೇಳಲಿ.