ಕಿಡಿಯ ಹೊತ್ತು

ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಕಾರಿನಲ್ಲಿ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ದಿಣ್ಣೆ ಏರುವಾಗ ಎಂಜಿನಿನೊಳಗೆ ಸಣ್ಣ ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳಿದ್ದುಂಟೆ? ಹಳೆಯ ಕಾರನ್ನು ಇಟ್ಟವರಿಗೆ ಅದು ಪರಿಚಿತ. ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತಿದೆಯೆಂಬುದು ಸಾಮಾನ್ಯವಾಗಿ ಅದರ ಅರ್ಥ. ಅಲಕ್ಷಿಸಿದರೆ ಪಿಸ್ಟನ್ನಿಗೇ ಕೇಡು.

ಒತ್ತಲ್ಪಟ್ಟ ಪೆಟ್ರೋಲು-ಗಾಳಿಯ ಮಿಶ್ರಣ ಉರಿದು ಮುಗಿಯಲು ಕಿಂಚಿತ್ ಕಾಲ ಬೇಕು. ಆದ್ದರಿಂದ ಪಿಸ್ಟನ್ನು ತುದಿ ಮುಟ್ಟುವುದಕ್ಕೆ ಕೆಲವು ಡಿಗ್ರಿ ಮೊದಲೇ ಕಿಡಿ ಬೀಳಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ 50ರಲ್ಲಿ ಒಂದು ಪಾಲು. ನಮ್ಮ ಪಂಚಾಂಗದ ಮುಹೂರ್ತವಾದರೋ 48 ನಿಮಿಷದ್ದು!

ಈ ಹೊತ್ತನ್ನು ಹಿಡಿಯುವುದಕ್ಕೆ ಜನ ಪಟ್ಟ ಪಾಡು ದೊಡ್ಡದು. ಡೈಮ್ಲರನ ಮೊದಮೊದಲ ಎಂಜಿನುಗಳಲ್ಲಿ ಕಾದು ಕೆಂಪಾದ ನಳಿಕೆಯೇ ಬೆಂಕಿ ಹೊತ್ತಿಸುತ್ತಿತ್ತು. ಅದರ ಹೊತ್ತನ್ನು ಬೇಕಾದಂತೆ ಬದಲಿಸುವುದು ಸುಲಭವಾಗಿರಲಿಲ್ಲ. 1886ರಲ್ಲಿ ಪೇಟೆಂಟು ಪಡೆದ ಕಾರ್ಲ್ ಬೆಂಜ್‌ನ ಗಾಡಿ ವಿದ್ಯುತ್ ಕಿಡಿಯನ್ನು ನಂಬಿತ್ತು. 1902ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ಒತ್ತಡದ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಸ್ಟಿಯರಿಂಗಿನ ಎಡಗಡೆಯ ಸಣ್ಣ ಕೋಲು ಕಿಡಿಯ ಹೊತ್ತನ್ನು ಹಿಂದೆಮುಂದೆ ಮಾಡುತ್ತಿತ್ತು. ಅದನ್ನು ಹಿಂದಕ್ಕೆ ಸರಿಸದೆ ಹ್ಯಾಂಡಲ್ ತಿರುಗಿಸಿದವನ ಮಣಿಕಟ್ಟನ್ನು ಎಂಜಿನು ಹಿಮ್ಮೊಗವಾಗಿ ಒದ್ದು ಮುರಿಯುವುದುಂಟು. 1912ರ ಕ್ಯಾಡಿಲಾಕಿನಲ್ಲಿ ಕೆಟರಿಂಗನ ಬ್ಯಾಟರಿ ಕಿಡಿಯೂ ಸ್ವಯಂಚಾಲಕ ಸ್ಟಾರ್ಟರೂ ಬಂದ ಮೇಲೆ ಆ ಭಯ ಕಡಿಮೆಯಾಯಿತು. ಮುಂದೆ ಡಿಸ್ಟ್ರಿಬ್ಯೂಟರಿನ ತೂಕ-ಸ್ಪ್ರಿಂಗುಗಳು ಆ ಕೋಲಿನ ಕೆಲಸವನ್ನು ತಾವೇ ವಹಿಸಿಕೊಂಡವು. ಬಾಷ್ ಹೆಸರಿನ ಸಂಬಂಧ ನಮಗೆ ದೂರದ್ದಲ್ಲ: ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿದ ಬೆಂಗಳೂರಿನ ಮೈಕೋ 1951ರಲ್ಲಿ ಸ್ಥಾಪಿತವಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು.

ನಮ್ಮ ಮನೆಯ ಅಂಬಾಸಡರಿನ ಡಿಸ್ಟ್ರಿಬ್ಯೂಟರನ್ನು ತಂದೆಯವರು ಒಮ್ಮೆ ಬಿಚ್ಚಿ ಮತ್ತೆ ಕೂರಿಸಿದರು. ಗಾಡಿ ಹೊರಡಲೊಲ್ಲದು, ಕಾರ್ಬ್ಯುರೇಟರಿನಿಂದ ‘ಫಟ್’ ಎಂದು ಬೆಂಕಿ! ಅಂಗಳದಲ್ಲಿ ನಿಂತಿದ್ದ ನಾವು ಹಿಂದಕ್ಕೆ ಹಾರಿದೆವು. ತಪ್ಪು ತಿಳಿದದ್ದು ಮರುದಿನ. ನಾಲ್ಕು ಹೊಡೆತದ ಎಂಜಿನಿನಲ್ಲಿ ಪಿಸ್ಟನ್ನು ಒಂದು ಆವೃತ್ತಿಯಲ್ಲಿ ಎರಡು ಬಾರಿ ತುದಿಗೆ ಬರುತ್ತದೆ. ಕಿಡಿ ಬೇಕಾದದ್ದು ಒಂದಕ್ಕೆ ಮಾತ್ರ. ಮೊದಲ ಸಿಲಿಂಡರಿನ ಪ್ಲಗ್ಗು ತೆಗೆದು, ಆ ರಂಧ್ರಕ್ಕೆ ಹೆಬ್ಬೆರಳಿಟ್ಟು, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ಗಾಳಿ ಬೆರಳನ್ನು ತಳ್ಳಿದರೆ ಅದೇ ಸರಿಯಾದ ಸುತ್ತು. ಆಮೇಲೆ ಪುಲ್ಲಿಯ ಗುರುತನ್ನು ಹೊಂದಿಸಿ, ಪಾಯಿಂಟಿನ ತಂತಿಗೂ ಎಂಜಿನಿನ ಲೋಹಕ್ಕೂ ನಡುವೆ ಸಣ್ಣ ಬಲ್ಬು ಸಿಕ್ಕಿಸಿ, ಕೀಲಿ ತಿರುವಿ, ಡಿಸ್ಟ್ರಿಬ್ಯೂಟರಿನ ಒಡಲನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಪಾಯಿಂಟು ಬಿಡುವ ಕ್ಷಣಕ್ಕೆ ಬಲ್ಬು ಹೊತ್ತುತ್ತದೆ. ಅಲ್ಲೇ ಬಿಗಿ ಮಾಡುವುದು. ಕಿಡಿಯ ಸರದಿ 1-3-4-2.

ಕನ್ನಡ ಪಂಡಿತನಾದ ನನಗೆ ಇದರಲ್ಲೊಂದು ಸಂತೋಷ. ‘ಕಡೆ’ ಎಂಬ ಧಾತುವಿಗೆ ಮೊಸರು ಕಡೆಯುವುದೂ ಹೌದು, ತಿರುಗಣೆಯಲ್ಲಿ ಕಂಬ ಕಡೆಯುವುದೂ ಹೌದು. ಹಳೇಬೀಡಿನ ಹೊಳೆಯುವ ಗುಂಡು ಕಂಬಗಳನ್ನು ಹೀಗೆ ತಿರುಗಿಸಿಯೇ ಕಡೆದರೆಂದು ವಿದ್ವಾಂಸರ ಅಭಿಪ್ರಾಯ. ಅಂಗಳದಲ್ಲಿ ತಂದೆಯವರು ಹ್ಯಾಂಡಲ್ ತಿರುಗಿಸುತ್ತಿದ್ದಾಗ ನನಗೆ ಆ ಕಂಬಗಳೇ ನೆನಪಾದವು.

ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರುಗಳಲ್ಲಿ ಕಿಡಿಯ ಹೊತ್ತನ್ನು ಗಣಕವೇ ನೋಡಿಕೊಳ್ಳುತ್ತದೆ. ತಿರುಗಿಸಲು ಡಿಸ್ಟ್ರಿಬ್ಯೂಟರೂ ಇಲ್ಲ, ಹ್ಯಾಂಡಲ್ ತೂರಿಸಲು ತೂತೂ ಇಲ್ಲ. ಆ ಭಾನುವಾರ ಮಾತ್ರ ನಾವು ಹಳೇಬೀಡಿನ ದಿಣ್ಣೆಯನ್ನು ಸದ್ದಿಲ್ಲದೆ ಏರಿದೆವು.