ಕಪಾಟಿನಲ್ಲಿ ಉಳಿಯಬೇಕಾದದ್ದು



ರಾಯಚೂರು ನಗರದಲ್ಲೋ ಮಾನ್ವಿಯಲ್ಲೋ ಒಂದು ಧರ್ಮಕೇಂದ್ರದ ಗಾನವೃಂದವು ತನ್ನ ಕಪಾಟನ್ನು ಶುಚಿಗೊಳಿಸುವ ದಿನವನ್ನು ಊಹಿಸಿಕೊಳ್ಳಿ. ತಿದಿ ಹರಿದ ಹಾರ್ಮೋನಿಯಂ, ಕೆಲವು ಮನೆಗಳು ಮೂಕವಾದ ಕೀಬೋರ್ಡ್, ಕ್ಯಾಸೆಟ್ಟುಗಳ ಕಟ್ಟು, ಹಳೆಯ ಸಾಫ್ಟ್‌ವೇರಿನಲ್ಲಿ ಹಾಡುಗಳನ್ನು ತುಂಬಿಕೊಂಡ ಕಂಪ್ಯೂಟರ್. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಯುವಕರು ಥಟ್ಟನೆ ಉತ್ತರಿಸುತ್ತಾರೆ. ಬಹುಕಾಲ ಪೇಟಿ ನುಡಿಸಿದ ಹಿರಿಯರು ಸುಮ್ಮನಿರುತ್ತಾರೆ.

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಾಟಕಶಾಲೆಯ ಸಂಗೀತವು ಪೂಜೆಯೊಳಗೆ ನುಗ್ಗುತ್ತಿದ್ದ ಕಾಲದಲ್ಲಿ, 1903ರಲ್ಲಿ, ಜಗದ್ಗುರು ಹತ್ತನೆಯ ಪಿಯುಸ್‌ರವರು ದೇವಾಲಯದಲ್ಲಿ ಪಿಯಾನೋ ಹಾಗೂ ಡೋಲುಗಳನ್ನು ನಿಷೇಧಿಸಿದರು. 60 ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿಯೂ ಇತರ ವಾದ್ಯಗಳಿಗೆ ಬಾಗಿಲು ತೆರೆಯಿತು. ಅವು ಪೂಜೆಗೆ ಯೋಗ್ಯವಾಗಿರಬೇಕು, ಭಕ್ತಾದಿಗಳ ವಿಶ್ವಾಸವೃದ್ಧಿಗೆ ನೆರವಾಗಬೇಕು ಎಂಬುದೇ ಅದರ ಷರತ್ತು.

ಹಾರ್ಮೋನಿಯಮ್ಮಿನ ಕಥೆಯೂ ಹೀಗೆಯೇ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಾದ್ಯವು ಮಿಷನರಿಗಳೊಂದಿಗೆ ಭಾರತಕ್ಕೆ ಬಂದು, ಇಲ್ಲಿ ಕೈತಿದಿಯ ರೂಪ ತಾಳಿತು. ಗಮಕ, ಮೀಂಡ್‌ಗಳು ಅದರಲ್ಲಿ ಹೊರಡವೆಂದು 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. 1971ರಲ್ಲಷ್ಟೇ ನಿರ್ಬಂಧ ಭಾಗಶಃ ಸಡಿಲಾಯಿತು. ಆ ಆಕ್ಷೇಪದಲ್ಲಿ ಸತ್ಯವಿತ್ತು. ಆದರೂ ಭಜನೆಯ ಮನೆಗಳು, ನಾಟಕ ಕಂಪನಿಗಳು, ನಮ್ಮ ದೇವಾಲಯಗಳು ಪೇಟಿಯನ್ನು ಬಿಡಲಿಲ್ಲ. ಕಲಿಯದವರಿಗೂ ಅದು ಹಾಡುವ ಧೈರ್ಯ ಕೊಡುತ್ತಿತ್ತು.

ನಮ್ಮ ಸೀಮೆಯೇ ಇನ್ನೊಂದು ಪಾಠ ಹೇಳುತ್ತದೆ. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ತಂಬೂರಿ ಹಿಡಿದು ಹಾಡಿದವರು. ಒಂದು ತಂಬೂರಿಯ ಆಯುಷ್ಯ ಎಷ್ಟು? ಅವರ ಪದಗಳಾದರೋ ಜನರ ಕಂಠದಲ್ಲಿ, ಓಲೆಗರಿಯಲ್ಲಿ ಉಳಿದವು. ಹರಿದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದವರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮೊದಲಿಗರು. ವಾದ್ಯ ಹೋದರೂ ಹಾಡು ಉಳಿದದ್ದು ಯಾರೋ ಕಾಳಜಿ ವಹಿಸಿದ್ದರಿಂದ.

ಆದ್ದರಿಂದ ಕಪಾಟು ಖಾಲಿ ಮಾಡುವ ಮುನ್ನ ಹಾಡನ್ನು ಹೊರತೆಗೆಯಿರಿ. ಕ್ಯಾಸೆಟ್ಟಿನ ಪಟ್ಟಿ ಶಾಶ್ವತವಲ್ಲ. ಅದರ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಇರಿಸಿರಿ. ಹಳೆಯ ಫಾಂಟಿನ ಸಾಹಿತ್ಯವನ್ನು ಯೂನಿಕೋಡಿಗೆ ತನ್ನಿರಿ. ಒಂದೇ ಸಾಫ್ಟ್‌ವೇರಿನಲ್ಲಿ ತೆರೆಯುವ ಕಡತವನ್ನು, 1983ರಿಂದ ಬಳಕೆಯಲ್ಲಿರುವ ಮಿಡಿಯಂತಹ, ಎಲ್ಲ ಕಡೆ ತೆರೆಯುವ ರೂಪಕ್ಕೂ ಬದಲಿಸಿರಿ. ಬಿಡಿಭಾಗ ಸಿಗದ ಕೀಬೋರ್ಡನ್ನು ಬಿಟ್ಟುಕೊಟ್ಟರೆ ನಷ್ಟವಿಲ್ಲ. ಹೊಸ ತಿದಿ ಹಾಕಿಸಬಹುದಾದ ಪೇಟಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ಕಲಿಯಬೇಕೆನ್ನುವ ಮಗುವಿಗೆ ಕೊಡಿ.

ಎಲ್ಲಕ್ಕಿಂತ ಮೊದಲು, ಸುಮ್ಮನೆ ಕುಳಿತಿರುವ ಆ ಹಿರಿಯರನ್ನು ಕರೆದು ನುಡಿಸಲು ಹೇಳಿ, ಅವರಿಗೆ ನೆನಪಿರುವ ಹಾಡುಗಳನ್ನು ಧ್ವನಿಮುದ್ರಿಸಿರಿ. ಯಾವ ಪುಸ್ತಕದಲ್ಲೂ ಇಲ್ಲದ ರಾಗಗಳು ಅವರೊಬ್ಬರಲ್ಲೇ ಇರಬಹುದು. ಪೇಟಿಗೆ ಹೊಸ ತಿದಿ ಸಿಕ್ಕೀತು, ಅವರು ಸಿಗಲಾರರು.