ಕರ್ನಾಟಕದ ರೈತ ಚಳವಳಿ ಮತ್ತು ಚುನಾವಣಾ ರಾಜಕೀಯ

1980ರ ನರಗುಂದ–ನವಲಗುಂದ ಬಂಡಾಯದ ನಂತರ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘ, ಬೀದಿ ಹೋರಾಟವೋ ವಿಧಾನಸಭೆಯೋ ಎಂಬ ಪ್ರಶ್ನೆಯನ್ನು ನಾಲ್ಕು ದಶಕಗಳಿಂದ ಹೊತ್ತು ತಿರುಗಿದೆ. ಬೀದಿಯಲ್ಲಿ ಸರ್ಕಾರಗಳನ್ನು ಅಲುಗಾಡಿಸಿದ ಸಂಘಟನೆ ಒಂದೇ ಚುನಾವಣೆಯಲ್ಲಿ ಎರಡಕ್ಕಿಂತ ಹೆಚ್ಚು ಕ್ಷೇತ್ರಗಳನ್ನು ಗೆದ್ದದ್ದಿಲ್ಲ.

ಬಂಡಾಯದ ಬೇರು ಮಲಪ್ರಭಾ ಅಚ್ಚುಕಟ್ಟಿನಲ್ಲಿತ್ತು. ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರ್ಕಾರ ಅಭಿವೃದ್ಧಿ ಕರ ಹೇರಿತು. ಕಾಲುವೆ ನೀರು ಹೊಲ ಮುಟ್ಟದವರಿಗೂ ನೋಟಿಸು ಬಂತು. 1980ರ ಜುಲೈ 21ರಂದು ನಡೆದ ಗೋಲಿಬಾರಿನಲ್ಲಿ ರೈತರು ಸತ್ತರು, ಗುಂಪಿನ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಅದೇ ವರ್ಷ ಶಿವಮೊಗ್ಗ ಸೀಮೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಹಾಗೂ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಸಂಘ ಕಟ್ಟಿದರು. ಹೆಗಲ ಮೇಲಿನ ಹಸಿರು ಶಾಲು ಅದರ ಗುರುತಾಯಿತು.

ಆರಂಭದ ಸಂಘಕ್ಕೆ ಪಕ್ಷ ರಾಜಕೀಯವೆಂದರೆ ಗುಮಾನಿ. ಅದರ ಬಲವಿದ್ದದ್ದು ಊರ ಬಾಗಿಲಲ್ಲಿ. ಅನುಮತಿಯಿಲ್ಲದೆ ಅಧಿಕಾರಿಗಳು ಒಳಬರಕೂಡದೆಂಬ ಫಲಕ ಹಳ್ಳಿಗಳ ಮುಂದೆ ನಿಂತಿತು. ಸಾಲದ ಬಾಕಿಗೆ ಪಾತ್ರೆ ಪಗಡ, ಎತ್ತು, ಪಂಪ್‌ಸೆಟ್ ಜಪ್ತಿಯಾದರೆ ರೈತರು ಗುಂಪಾಗಿ ಹೋಗಿ ಅವನ್ನು ವಾಪಸು ತರುತ್ತಿದ್ದರು. ಇದಕ್ಕೆ ಮರುಜಪ್ತಿ ಎಂದು ಹೆಸರು. ಸರ್ಕಾರದ ಭಾಷೆಯನ್ನೇ ಕಸಿದು ಅದಕ್ಕೇ ತಿರುಗಿಸಿದ ಪದವಿದು. 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಸ್ವತಃ ಸೋತು ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅದಕ್ಕೆ ರೈತರ ಸಿಟ್ಟೂ ಒಂದು ಕಾರಣ. ಆದರೆ ಫಲ ಉಂಡದ್ದು ಜನತಾ ಪಕ್ಷ.

ಆ ಪಾಠದಿಂದಲೋ ಏನೋ, ಸಂಘ ತಾನೇ ಕಣಕ್ಕಿಳಿಯಿತು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ತೆರವಾದ ಧಾರವಾಡದಿಂದ ನಂಜುಂಡಸ್ವಾಮಿ ಉಪಚುನಾವಣೆಯಲ್ಲಿ ಆಯ್ಕೆಯಾದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರೇ ಗೆದ್ದರು. ಬಾಬಾಗೌಡರು ಸಂಘದಿಂದ ದೂರವಾಗಿ, 1998ರಲ್ಲಿ ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಸಚಿವರಾದರು.

ಸೋಲಿಗೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಜಪ್ತಿ ತಡೆಯಲು ಒಂದು ಊರಿನ ಒಗ್ಗಟ್ಟು ಸಾಕು. ಕ್ಷೇತ್ರ ಗೆಲ್ಲಲು ನೂರಾರು ಊರು, ಹಣ, ಜಾತಿ ಲೆಕ್ಕ ಬೇಕು. ಜಮೀನಿಲ್ಲದ ಕೂಲಿಕಾರರಿಗೂ ದಲಿತರಿಗೂ ಹಸಿರು ಶಾಲು ತಮ್ಮದೆನಿಸಿದ್ದು ಕಡಿಮೆ. ಈ ಕೊರತೆಯನ್ನು ತುಂಬಲೆಂದೇ 2005ರಲ್ಲಿ ಸಾಹಿತಿ ದೇವನೂರ ಮಹಾದೇವ ಮೊದಲಾದವರು ದಲಿತ, ರೈತ ಸಂಘಟನೆಗಳನ್ನು ಕೂಡಿಸಿ ಸರ್ವೋದಯ ಕರ್ನಾಟಕ ಪಕ್ಷ ಸ್ಥಾಪಿಸಿದರು. 2013ರಲ್ಲಿ ಪುಟ್ಟಣ್ಣಯ್ಯ ಮೇಲುಕೋಟೆಯಿಂದ ಇದೇ ಪಕ್ಷದ ಶಾಸಕರಾದರು. ಅವರ ಮಗ ದರ್ಶನ್ ಅದೇ ಕ್ಷೇತ್ರದಲ್ಲಿ 2018ರಲ್ಲಿ ಸೋತು, 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು. ಇದೆಲ್ಲಕ್ಕೂ ಮೊದಲೇ, 2004ರ ಫೆಬ್ರವರಿಯಲ್ಲಿ, ನಂಜುಂಡಸ್ವಾಮಿ ತೀರಿಕೊಂಡಿದ್ದರು; ಸಂಘವೂ ಬಣಗಳಾಗಿ ಹೋಳಾಯಿತು.

ಮತಪೆಟ್ಟಿಗೆ ಕೈಕೊಟ್ಟ ವರ್ಷಗಳಲ್ಲೇ ಬೀದಿ ಹೋರಾಟ ಜಗತ್ತಿನ ಗಮನ ಸೆಳೆದದ್ದು ವಿಶೇಷ. 1992ರ ಡಿಸೆಂಬರಿನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಬೀದಿಗೆ ಎಸೆದು ಸುಟ್ಟರು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಮಾನ್ಸಾಂಟೊ ಕಂಪನಿಯ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಬೆಂಕಿ ಇಟ್ಟರು. 2002ರಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಈಗ ಅದೇ ಜಿಲ್ಲೆಯ ಎರೆಹೊಲಗಳಲ್ಲಿ ಕಾಣುವ ಹತ್ತಿ ಬಹುಪಾಲು ಬಿಟಿಯೇ. ಬೆಂಕಿ ಇಟ್ಟವರ ಮಾತನ್ನು ಬಿತ್ತುವವರು ಕೇಳಲಿಲ್ಲ.

ಅದೇ ರಾಯಚೂರು ಜಿಲ್ಲೆಯ, ಬಾಗಲವಾಡದಂಥ ಹಳ್ಳಿಗಳಿರುವ ಮಾನ್ವಿ–ಸಿರವಾರ ಸೀಮೆಯಲ್ಲಿ ಹೋರಾಟದ ಕೇಂದ್ರ ಬೀಜವಲ್ಲ, ನೀರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಮೇಲ್ಭಾಗದವರು ಭತ್ತಕ್ಕೆ ಹರಿಸಿಕೊಂಡರೆ ಕೊನೆಭಾಗದ ಬೆಳೆ ಒಣಗುತ್ತದೆ. ಕಾಲುವೆಯ 104ನೇ ಮೈಲಿನಲ್ಲಿ ಗೇಜ್ (ನಿಗದಿತ ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂಬುದು ಇಲ್ಲಿನ ರಸ್ತೆತಡೆಗಳ ಹಳೆಯ ಬೇಡಿಕೆ. ಸಂಘದ ರಾಜ್ಯ ನಾಯಕರಲ್ಲೊಬ್ಬರಾದ ಚಾಮರಸ ಮಾಲಿಪಾಟೀಲರು ಇದೇ ಜಿಲ್ಲೆಯವರು. 2008ರ ಕ್ಷೇತ್ರ ಮರುವಿಂಗಡಣೆಯಿಂದ ಮಾನ್ವಿ, ದೇವದುರ್ಗ, ರಾಯಚೂರು ಗ್ರಾಮೀಣ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಹಾಗಾಗಿ ಭೂಮಾಲೀಕ ಜಾತಿಗಳಿಂದ ಬಂದ ಮುಂದಾಳುಗಳು ತಮ್ಮ ಊರಿನಲ್ಲೇ ನಿಲ್ಲುವಂತಿಲ್ಲ. ಪರಿಶಿಷ್ಟ ಪಂಗಡದ ನಾಯಕ ಸಮುದಾಯವನ್ನು ಜೊತೆಗೆ ಕರೆದುಕೊಳ್ಳದೆ ಇಲ್ಲಿ ರೈತ ರಾಜಕೀಯವೆಂಬುದೇ ಇಲ್ಲ. ಕಾಲುವೆಗೆ ನೀರು ಯಾವಾಗ, ಎಷ್ಟು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ಚರ್ಚಿಸುತ್ತದೆ. ಒಳಗೆ ಸಚಿವರು, ಶಾಸಕರು ಕೂರುತ್ತಾರೆ. ಹಸಿರು ಶಾಲಿನವರು ಈಗಲೂ ರಸ್ತೆಯಲ್ಲಿದ್ದಾರೆ.